ಓದುಗರ ಕಟಕಟೆ: ವಾಯಿದೆ ಮೇಲೆ ವಾಯಿದೆ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಿವಿಲ್ ದಾವೆಗಳ ವಾಯಿದೆಯದೇ ಗೋಳು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ನಮ್ಮ ಕಾನೂನು ಬಳಗ ಉತ್ತರಿಸಿದೆ. ಓದುಗರ ಹೆಸರು ಬಿಟ್ಟು ಊರು ಮಾತ್ರ ಕೊಟ್ಟಿದ್ದೇವೆ.

ಅಣ್ಣತಮ್ಮಂದಿರ ಮೇಲೆ ಪಾಲಿನ ದಾವೆ ಹಾಕಿ 2 ವರ್ಷವಾಯಿತು. 14 ವಾಯಿದೆ ಕಳೆದವು. ವಕೀಲರನ್ನು ಕೇಳಿದರೆ ‘ಮುಂದಿನ ತಿಂಗಳು 18ಕ್ಕೆ ಹಾಕಿದ್ದಾರೆ’ ಅನ್ನುತ್ತಾರೆ, ಅಷ್ಟೇ. ಒಳಗೆ ಏನು ನಡೆಯುತ್ತಿದೆ ಅಂತ ತಿಳಿಯುವುದು ಹೇಗೆ? (ತಿಪಟೂರು)

‘ಯಾವತ್ತಿಗೆ’ ಅಂತ ಕೇಳಿದ ಮೇಲೆ ‘ಯಾತಕ್ಕೆ’ ಅಂತಲೂ ಕೇಳಿ. ಕೋರ್ಟು ಸುಮ್ಮನೆ ವಾಯಿದೆ ಹಾಕುವುದಿಲ್ಲ. ಪ್ರತಿ ವಾಯಿದೆಗೂ ಒಂದು ಕೆಲಸ ಗೊತ್ತು ಮಾಡಿರುತ್ತದೆ, ಅದನ್ನು ಆರ್ಡರ್ ಶೀಟಿನಲ್ಲಿ ಒಂದೆರಡು ಸಾಲಿನಲ್ಲಿ ಬರೆದಿರುತ್ತದೆ. ಆ ಸಾಲುಗಳು ಹೆಚ್ಚುಕಮ್ಮಿ ಹೀಗಿರುತ್ತವೆ: ‘ವಾದಿ ಪರ ವಕೀಲರು ಹಾಜರು. ಪ್ರತಿವಾದಿ 1 ಮತ್ತು 2ಕ್ಕೆ ಸಮನ್ಸ್ ಜಾರಿಯಾಗಿದೆ. ಪ್ರತಿವಾದಿ 3ರ ಸಮನ್ಸ್ ಜಾರಿಯಾಗದೆ ವಾಪಸ್, ಮನೆಗೆ ಬೀಗ. ಸ್ಟೆಪ್ಸ್‌ಗೆ 18ಕ್ಕೆ.’ ಇದನ್ನು ಓದಿದರೆ ಚೆಂಡು ಯಾರ ಅಂಗಳದಲ್ಲಿದೆ ಎಂದು ತಿಳಿದೇಹೋಗುತ್ತದೆ. ‘ಸ್ಟೆಪ್ಸ್’ ಅಂದರೆ ವಾದಿಯ ಕೆಲಸ, ಅಂದರೆ ನಿಮ್ಮದೇ. 3ನೇ ಪ್ರತಿವಾದಿಯ ಸರಿಯಾದ ವಿಳಾಸ ಕೊಟ್ಟು ಸಮನ್ಸ್ ಕಳಿಸುವ ಪ್ರೊಸೆಸ್ ಶುಲ್ಕ ಕಟ್ಟುವ ತನಕ ಫೈಲು ಅಲ್ಲಿಂದ ಅಲುಗುವುದಿಲ್ಲ.

ಹಾಗೆಯೇ ‘ಡಬ್ಲ್ಯುಎಸ್’ ಅಂತಿದ್ದರೆ ಪ್ರತಿವಾದಿ ತನ್ನ ಲಿಖಿತ ಹೇಳಿಕೆ ಹಾಕಬೇಕು. ‘ಆಬ್ಜೆಕ್ಷನ್’ ಅಂತಿದ್ದರೆ ಒಬ್ಬರು ಮಧ್ಯಂತರ ಅರ್ಜಿ, ಅಂದರೆ ಐಎ ಹಾಕಿದ್ದಾರೆ, ಇನ್ನೊಬ್ಬರ ತಕರಾರಿಗೆ ಕಾಯುತ್ತಿದ್ದಾರೆ. ‘ಇಶ್ಯೂಸ್’ ಅಂದರೆ ನ್ಯಾಯಾಧೀಶರು ವಿವಾದಾಂಶ ರಚಿಸಬೇಕು. ‘ಪಿಡಬ್ಲ್ಯು 1 ಕ್ರಾಸ್’ ಅಂದರೆ ವಾದಿ ಪರ 1ನೇ ಸಾಕ್ಷಿಯಾಗಿ ನೀವು ಕಟಕಟೆಗೆ ಹತ್ತಬೇಕು, ಎದುರು ವಕೀಲರು ಪಾಟಿ ಸವಾಲು ಮಾಡಬೇಕು.

ಇದನ್ನೆಲ್ಲ ಮನೆಯಲ್ಲೇ ಕೂತು ನೋಡಬಹುದು. ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ದಾವೆಯ 16 ಅಂಕಿ-ಅಕ್ಷರದ ಸಿಎನ್‌ಆರ್ ಸಂಖ್ಯೆ ಹಾಕಿ. ಕರ್ನಾಟಕದ ಕೋರ್ಟುಗಳದ್ದು ‘ಕೆಎ’ಯಿಂದ ಶುರುವಾಗುತ್ತದೆ, ಕೊನೆಯ 4 ಅಂಕಿ ವರ್ಷ. ಹಿಂದಿನ ವಾಯಿದೆಗಳ ಪಟ್ಟಿಯಲ್ಲಿ ಒಂದೊಂದು ದಿನಾಂಕ ಒತ್ತಿದರೆ ಅವತ್ತಿನ ನಡವಳಿ ತೆರೆದುಕೊಳ್ಳುತ್ತದೆ. ಅಲ್ಲಿ ತುಂಬದೆ ಬಿಟ್ಟಿದ್ದರೆ ನಕಲು ವಿಭಾಗಕ್ಕೆ ಅರ್ಜಿ ಕೊಟ್ಟು ಆರ್ಡರ್ ಶೀಟಿನ ದೃಢೀಕೃತ ನಕಲು ಪಡೆಯಿರಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಎಳೆಯಿರಿ: ತಾರೀಕು, ಯಾತಕ್ಕೆ ಇತ್ತು, ಯಾರಿಂದ ಮುಂದೆ ಹೋಯಿತು. 14 ವಾಯಿದೆಯಲ್ಲಿ 8 ಒಂದೇ ಕಾರಣಕ್ಕೆ ಹೋಗಿದ್ದರೆ ಕಾಯಿಲೆ ಅಲ್ಲಿದೆ ಅಂತ ಲೆಕ್ಕ. ವಕೀಲರ ಮುಂದೆ ಆ ಹಾಳೆ ಇಟ್ಟು ಮಾತಾಡಿ, ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಪಾಲಿನ ದಾವೆಯಲ್ಲಿ ಇನ್ನೊಂದು ಗುಂಡಿ ಇದೆ. ಮದುವೆಯಾಗಿ ಹೋದ ಅಕ್ಕತಂಗಿಯರನ್ನೋ, ಜಮೀನಿನ ಒಂದು ತುಂಡು ಕ್ರಯಕ್ಕೆ ಕೊಂಡವರನ್ನೋ ಪಕ್ಷಗಾರರನ್ನಾಗಿ ಮಾಡದೆ ದಾವೆ ಹಾಕಿಬಿಡುತ್ತಾರೆ. ಎರಡು ವರ್ಷ ಕಳೆದ ಮೇಲೆ ಎದುರಿನವರು ಅದನ್ನೇ ಎತ್ತುತ್ತಾರೆ. ಬಿಟ್ಟುಹೋದವರನ್ನು ಸೇರಿಸಬೇಕು, ದಾವಾ ಪತ್ರ ತಿದ್ದಬೇಕು, ಅವರಿಗೆ ಮತ್ತೆ ಸಮನ್ಸ್ ಹೋಗಬೇಕು. ಹಾವು ಏಣಿ ಆಟದಲ್ಲಿ 98ಕ್ಕೆ ಬಂದು ಕೆಳಗಿಳಿದ ಹಾಗೆ. ದಾವೆ ಹಾಕುವ ಮುಂಚೆಯೇ ವಂಶವೃಕ್ಷ, ಪಹಣಿ, ಮ್ಯುಟೇಶನ್, ಋಣಭಾರ ಪ್ರಮಾಣಪತ್ರ ನಾಲ್ಕನ್ನೂ ಹರಡಿಕೊಂಡು ಹೆಸರು ತಾಳೆ ನೋಡಿದ್ದರೆ ಇದು ತಪ್ಪುತ್ತದೆ.

ಸಿವಿಲ್ ದಾವೆ ಇಷ್ಟು ತಿಂಗಳಲ್ಲಿ ಮುಗಿಯಬೇಕು ಅಂತ ನಿಯಮ ಇದೆಯೇ? (ಶಿರಸಿ)

ಇದೆ. ಕರ್ನಾಟಕದ ಅಧೀನ ನ್ಯಾಯಾಲಯಗಳಿಗೆ 2005ರ ಪ್ರಕರಣ ಹರಿವು ನಿರ್ವಹಣಾ ನಿಯಮಗಳಿವೆ. ದಾವೆಗಳನ್ನು ನಾಲ್ಕು ಟ್ರ್ಯಾಕಿಗೆ ಹಂಚುತ್ತವೆ. ಜೀವನಾಂಶ, ಮಕ್ಕಳ ಪಾಲನೆ, ಬಾಡಿಗೆ ವಸೂಲಿ, ಶಾಶ್ವತ ನಿರ್ಬಂಧಕಾಜ್ಞೆ ಮೊದಲನೆಯದರಲ್ಲಿ, 9 ತಿಂಗಳು. ಅಮಲ್ಜಾರಿ (ಡಿಕ್ರಿಯನ್ನು ಜಾರಿ ಮಾಡಿಸುವುದು), ವಿಚ್ಛೇದನ, ಬಾಡಿಗೆದಾರರನ್ನು ಬಿಡಿಸುವುದು ಎರಡನೆಯದರಲ್ಲಿ, 12 ತಿಂಗಳು. ಪಾಲು, ಹಕ್ಕಿನ ಘೋಷಣೆ, ಕ್ರಯದ ಕರಾರು ಜಾರಿ, ಸ್ವಾಧೀನ ಮೂರನೆಯದರಲ್ಲಿ. ಉಳಿದದ್ದೆಲ್ಲ ನಾಲ್ಕನೆಯದರಲ್ಲಿ. ಈ ಎರಡಕ್ಕೂ 24 ತಿಂಗಳು. ಹೊಸದಾಗಿ ದಾವೆ ಹಾಕುವವರು ಸಿವಿಲ್ ಪ್ರಕ್ರಿಯಾ ಸಂಹಿತೆಗೆ, ವಕೀಲರ ಬಾಯಲ್ಲಿ ಸಿಪಿಸಿಗೆ, ರಾಜ್ಯ ತಂದಿರುವ ತಿದ್ದುಪಡಿಗಳನ್ನೂ ವಕೀಲರ ಹತ್ತಿರ ಕೇಳಿಕೊಳ್ಳಿ.

ಆದರೆ ನಿಯಮದ ಮಾತು ‘ಮುಗಿಸಲು ಪ್ರಯತ್ನಿಸತಕ್ಕದ್ದು’ ಎನ್ನುವ ಧಾಟಿಯದು. 24 ತಿಂಗಳು ದಾಟಿತು ಎಂದು ದಾವೆ ಬಿದ್ದುಹೋಗುವುದಿಲ್ಲ, ಡಿಕ್ರಿಯೂ ಆಗುವುದಿಲ್ಲ. ಹಾಗಂತ ಅದು ಬರೀ ಕಾಗದವೂ ಅಲ್ಲ. ಬೇಗ ವಾಯಿದೆ ಕೊಡಿ ಎಂದು ಮೆಮೊ ಹಾಕುವಾಗ ಟ್ರ್ಯಾಕು, ಅವಧಿ, ಈಗ ಎಷ್ಟು ತಿಂಗಳಾಯಿತು ಎನ್ನುವ ಲೆಕ್ಕ ಒಂದೇ ಸಾಲಿನಲ್ಲಿ ಬರೆದರೆ ನ್ಯಾಯಾಧೀಶರಿಗೆ ಹಿಡಿಯಲು ಒಂದು ಕೊಕ್ಕೆ ಸಿಗುತ್ತದೆ. ಸುಪ್ರೀಂ ಕೋರ್ಟ್ ಕೂಡ 2011ರ ರಾಮೇಶ್ವರಿ ದೇವಿ ಪ್ರಕರಣದಲ್ಲಿ, ದಾವೆ ದಾಖಲಾದಾಗಲೇ ಎಲ್ಲ ಹಂತಗಳಿಗೂ ತಾರೀಕು ಗೊತ್ತು ಮಾಡಿದ ವೇಳಾಪಟ್ಟಿ ಇರಲಿ ಎಂದಿತ್ತು. 2023ರ ಅಕ್ಟೋಬರಿನಲ್ಲಿ ಯಶಪಾಲ್ ಜೈನ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ರವೀಂದ್ರ ಭಟ್ ಮತ್ತು ಹಿಂದೆ ನಮ್ಮ ಹೈಕೋರ್ಟಿನಲ್ಲೇ ಇದ್ದ ಅರವಿಂದ ಕುಮಾರ್ ಅವರಿದ್ದ ಪೀಠ, 5 ವರ್ಷ ದಾಟಿದ ದಾವೆಗಳ ಮೇಲೆ ಹೈಕೋರ್ಟುಗಳು ಕಣ್ಣಿಡಬೇಕು ಎಂದು ನಿರ್ದೇಶಿಸಿತು. ಆ ದಾವೆ ಶುರುವಾಗಿದ್ದು 1982ರಲ್ಲಿ!

ಸಾಲ ವಸೂಲಿ ದಾವೆ. ಪ್ರತಿವಾದಿ ಊರಲ್ಲೇ ಓಡಾಡಿಕೊಂಡಿದ್ದಾನೆ, ಸಮನ್ಸ್ ಮಾತ್ರ ಮೂರು ಸಲ ವಾಪಸ್ ಬಂತು. (ದಾವಣಗೆರೆ)

ಸಿವಿಲ್ ದಾವೆಯ ಆಯಸ್ಸು ಸುಮ್ಮನೆ ಸವೆಯುವ ಮೊದಲ ಜಾಗ ಇದು. ಪರಿಹಾರವೂ ಬಹುಪಾಲು ವಾದಿಯ ಕೈಯಲ್ಲೇ ಇದೆ.

ಮೊದಲು ಹಿಂಬರಹ ಓದಿ. ಕೋರ್ಟಿನಿಂದ ಸಮನ್ಸ್ ತರುವ ಅಮೀನರು ಅಥವಾ ಅಂಚೆಯವರು ಏನು ಬರೆದಿದ್ದಾರೆ ಎನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ. ‘ವಿಳಾಸ ಸಾಲದು’ ಅಂತಿದ್ದರೆ ತಪ್ಪು ನಿಮ್ಮದು. ‘ಬಸವೇಶ್ವರ ದೇವಸ್ಥಾನದ ಹತ್ತಿರ’ ಎಂದಷ್ಟೇ ಬರೆದರೆ ಯಾವ ಅಮೀನರಿಗೂ ಮನೆ ಸಿಗದು. ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡು, ತಂದೆಯ ಹೆಸರು, ಕೆಲಸ ಮಾಡುವ ಜಾಗ ಕೊಡಿ. ‘ಮನೆಗೆ ಬೀಗ’ ಅಂತಿದ್ದರೆ ಅವರು ಯಾವ ಹೊತ್ತಿಗೆ ಮನೆಯಲ್ಲಿರುತ್ತಾರೆ, ಅಂಗಡಿ ಎಲ್ಲಿದೆ ಎಂದು ತಿಳಿದು ಮತ್ತೆ ಸಮನ್ಸ್ ಕೇಳಿ. ಮನೆಯಲ್ಲಿ ಪ್ರತಿವಾದಿ ಇಲ್ಲದೆ, ಸದ್ಯಕ್ಕೆ ಸಿಗುವ ಹಾಗೂ ಇಲ್ಲದಿದ್ದಾಗ ಅವರ ಜೊತೆ ವಾಸವಿರುವ ವಯಸ್ಕ ಕುಟುಂಬದವರಿಗೆ, ಹೆಂಡತಿಗೋ ಮಗಳಿಗೋ, ಕೊಟ್ಟರೂ ನಡೆಯುತ್ತದೆ. ಮನೆಗೆಲಸದವರಿಗೆ ಕೊಟ್ಟರೆ ನಡೆಯದು.

‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂಬ ಷರಾ ಬಂದರೆ ನಿಮ್ಮ ಪುಣ್ಯ. ಸಿಪಿಸಿಯ ಆರ್ಡರ್ 5, ರೂಲ್ 9ರ ಪ್ರಕಾರ ಅದನ್ನು ಜಾರಿಯಾದಂತೆಯೇ ಎಂದು ಕೋರ್ಟು ಘೋಷಿಸಬೇಕು. ಸರಿಯಾದ ವಿಳಾಸಕ್ಕೆ ಅಂಚೆ ವೆಚ್ಚ ಕಟ್ಟಿ ಸ್ವೀಕೃತಿ ಸಮೇತ ನೋಂದಾಯಿತ ಅಂಚೆಯಲ್ಲಿ ಕಳಿಸಿ 30 ದಿನವಾದರೂ ಸ್ವೀಕೃತಿ ಚೀಟಿ ಬಾರದಿದ್ದರೆ ಅದಕ್ಕೂ ಇದೇ ಮಾತು. ವಕೀಲರು ಟ್ರ್ಯಾಕಿಂಗ್ ವರದಿಯನ್ನು ಮೆಮೊ ಜೊತೆ ಹಾಕಿದರೆ ಒಂದು ವಾಯಿದೆ ಉಳಿಯಿತು. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಪ್ರಮಾಣಪತ್ರದಲ್ಲಿ ತೋರಿಸಿದರೆ ರೂಲ್ 20ರ ಪ್ರಕಾರ ಬಾಗಿಲಿಗೆ ಅಂಟಿಸುವ, ಪತ್ರಿಕೆಯಲ್ಲಿ ಪ್ರಕಟಿಸುವ ಆದೇಶ ಸಿಗುತ್ತದೆ. ಆತ ಓದುವ ಊರಿನ ಪತ್ರಿಕೆಯಲ್ಲಿ ಹಾಕಿಸಿ. ಎಲ್ಲೋ ಕಾಣದ ಪತ್ರಿಕೆಯಲ್ಲಿ ಅಗ್ಗಕ್ಕೆ ಹಾಕಿಸಿದರೆ ನಾಳೆ ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸಲು ನೀವೇ ದಾರಿ ಬಿಟ್ಟುಕೊಟ್ಟಂತೆ.

ಸಮನ್ಸ್ ಜಾರಿಯಾಗದೆ ವಾಪಸ್ ಬಂದು, ಆ ಸಂಗತಿ ಕೋರ್ಟಿನ ದಾಖಲೆಗೆ ಸೇರಿದ ಮೇಲೆ 7 ದಿನದೊಳಗೆ ಹೊಸ ಸಮನ್ಸ್‌ಗೆ ಅರ್ಜಿ ಹಾಕಬೇಕು. ಹಾಕದಿದ್ದರೆ ಆ ಪ್ರತಿವಾದಿಯ ಮಟ್ಟಿಗೆ ದಾವೆ ವಜಾ ಆಗಬಹುದು, ಆರ್ಡರ್ 9, ರೂಲ್ 5. ಮುಂದಿನ ವಾಯಿದೆ 2 ತಿಂಗಳಾಚೆ ಇದೆಯಲ್ಲ ಎಂದು ಕೂರುವವರು ಇಲ್ಲೇ ಮುಗ್ಗರಿಸುತ್ತಾರೆ.

ಪ್ರತಿವಾದಿ ಹಾಜರಾಗಿ 5 ತಿಂಗಳು. ಲಿಖಿತ ಹೇಳಿಕೆ ಹಾಕಿಲ್ಲ. ನಾವು ಗೆದ್ದಂತೆಯೇ? (ಬೆಂಗಳೂರು)

ಅಲ್ಲ. ಸಿಪಿಸಿಯ ಆರ್ಡರ್ 8, ರೂಲ್ 1ರಲ್ಲಿ ಸಮನ್ಸ್ ತಲುಪಿ 30 ದಿನ, ಕಾರಣ ಬರೆದು ಕೊಟ್ಟರೆ 90 ದಿನ ಎಂದಿದೆ. ಆದರೆ ಸಾಮಾನ್ಯ ದಾವೆಗೆ ಈ 90 ಕಲ್ಲಿನ ಗೋಡೆಯಲ್ಲ, ಅಪರೂಪದ ಸಂದರ್ಭದಲ್ಲಿ ಕೋರ್ಟು ಇನ್ನೂ ಸಮಯ ಕೊಡಬಹುದು ಎಂದು 2005ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ವಾಣಿಜ್ಯ ದಾವೆಯಾದರೆ ಮಾತ್ರ 120ನೇ ದಿನಕ್ಕೆ ಬಾಗಿಲು ಮುಚ್ಚಿತು, ಆಮೇಲೆ ತೆರೆಯುವುದಿಲ್ಲ. ಇನ್ನು ಹೇಳಿಕೆಯೇ ಬರದಿದ್ದರೂ ದಾವಾ ಪತ್ರದಲ್ಲಿ ಅನುಮಾನದ ಸಂಗತಿಗಳಿದ್ದರೆ ಸಾಕ್ಷ್ಯ ಕೊಟ್ಟು ರುಜುವಾತು ಮಾಡಬೇಕು. ಮೂಲ ದಾಖಲೆ ಸಿದ್ಧವಿರಲಿ.

ನಾನು ಸಾಕ್ಷಿ ಹೇಳಲು 60 ಕಿ.ಮೀ. ಬಸ್ಸಿನಲ್ಲಿ ಹೋಗುತ್ತೇನೆ. ಎದುರು ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಎಂದು ಅವರ ಜೂನಿಯರ್ ಸಮಯ ಕೇಳುತ್ತಾರೆ. ಹೀಗೇ 5 ಸಲ ಆಯಿತು. ಮೂರೇ ಮುಂದೂಡಿಕೆ ಅಂತ ಕಾನೂನು ಇದೆಯಂತಲ್ಲ? (ಅರಸೀಕೆರೆ)

ಆರ್ಡರ್ 17, ರೂಲ್ 1ರಲ್ಲಿದೆ: ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಇಲ್ಲ. 2002ರ ಜುಲೈ 1ರಿಂದ ಜಾರಿಯಲ್ಲಿದೆ. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಎನ್ನುವುದು ಕಾರಣವೇ ಅಲ್ಲ ಎಂದೂ ಅಲ್ಲೇ ಬರೆದಿದೆ. ಕೈಮೀರಿದ ಸಂದರ್ಭವಿದ್ದರೆ ಮೂರನ್ನು ದಾಟಬಹುದು ಎಂಬ ಸಡಿಲಿಕೆಯನ್ನು ಸುಪ್ರೀಂ ಕೋರ್ಟ್ 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಕೊಟ್ಟಿತು. ಅಪವಾದಕ್ಕೆ ಬಿಟ್ಟ ಆ ಕಿಂಡಿ ಈಗ ಹೆಬ್ಬಾಗಿಲಾಗಿದೆ.

ಕಟಕಟೆ ಬಳಿ ಏನಾಗುತ್ತದೆ ನೋಡಿ. ಬೆಳಿಗ್ಗೆ ಮೊದಲು ಕಾಲಿಂಗ್ ವರ್ಕ್. ಅಂದಿನ ಪಟ್ಟಿಯ ಒಂದೊಂದೇ ಕೇಸು ಕೂಗುತ್ತಾರೆ, ಹೆಚ್ಚಿನವು ಅರ್ಧ ನಿಮಿಷದಲ್ಲಿ ಮುಂದಕ್ಕೆ ಹೋಗುತ್ತವೆ. ಸಾಕ್ಷ್ಯದ ಕೇಸುಗಳನ್ನು ಪಕ್ಕಕ್ಕಿಟ್ಟು, ಪಟ್ಟಿ ಮುಗಿದ ಮೇಲೆ ಮತ್ತೆ ಕೂಗುತ್ತಾರೆ. ಜೂನಿಯರ್ ಸಮಯ ಕೇಳುವುದು ಈ ಮೊದಲ ಕೂಗಿನಲ್ಲೇ. ಆ ಹೊತ್ತಿಗೆ ನೀವು ಹೊರಗೆ ಕಾಫಿ ಕುಡಿಯುತ್ತಿದ್ದರೆ, ನಿಮ್ಮ ವಕೀಲರೂ ಇಲ್ಲದಿದ್ದರೆ, ಆರ್ಡರ್ ಶೀಟಿನಲ್ಲಿ ‘ಸಾಕ್ಷಿ ಹಾಜರು’ ಎಂಬ ಎರಡು ಪದ ಬರುವುದಿಲ್ಲ. ಆ ಎರಡು ಪದಕ್ಕೆ ಬಹಳ ಬೆಲೆ ಇದೆ. ಸಾಕ್ಷಿ ಬಂದಿದ್ದೂ ಎದುರು ವಕೀಲರು ಸಿದ್ಧರಿಲ್ಲದಿದ್ದರೆ, ನ್ಯಾಯಾಧೀಶರು ಅವರನ್ನು ಬಿಟ್ಟು ಸಾಕ್ಷ್ಯ ದಾಖಲಿಸಿಕೊಂಡು ಮುಂದೆ ಹೋಗಬಹುದು. ಅದಕ್ಕೇ ‘ಕ್ರಾಸ್ ನಿಲ್’ ಅನ್ನುವುದು. ಆಮೇಲೆ ಅವರು ಸಾಕ್ಷಿಯನ್ನು ಮತ್ತೆ ಕರೆಸುವ ರೀಕಾಲ್ ಅರ್ಜಿ ಹಾಕಿ, ಒಂದಿಷ್ಟು ಕಾಸ್ಟ್, ಅಂದರೆ ನಿಮಗೆ ಕೊಡಬೇಕಾದ ಖರ್ಚು ಕಟ್ಟಿ ಮತ್ತೆ ಅವಕಾಶ ಪಡೆಯುವುದುಂಟು. ಆದರೂ ಮುಂದಿನ ಸಲ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಕಾಸ್ಟ್ ಹಾಕಿದ್ದರೆ ಅದನ್ನು ಬಿಡಬೇಡಿ. ಸಿಪಿಸಿಯ 35ಬಿ ಕಲಂ ಪ್ರಕಾರ ಮುಂದಿನ ವಾಯಿದೆಯಲ್ಲಿ ಅದನ್ನು ಕಟ್ಟಿದ ಮೇಲಷ್ಟೇ ಅವರು ತಮ್ಮ ವಾದ ಮುಂದುವರಿಸಬೇಕು. 500 ರೂಪಾಯಿ ತಾನೇ ಎಂದು ವಾದಿಗಳು ಉದಾಸೀನ ಮಾಡುತ್ತಾರೆ. ಬಸ್ ಟಿಕೆಟು, ಅರ್ಧ ದಿನದ ಕೂಲಿ ಬರೆದು ಮೆಮೊ ಕೊಟ್ಟು ಕೇಳಿದರೆ ಮೊತ್ತವೂ ಏರುತ್ತದೆ, ಚುರುಕೂ ಮುಟ್ಟುತ್ತದೆ.

ನಮ್ಮ ದಾವೆಯ 2ನೇ ಪ್ರತಿವಾದಿ ತೀರಿಕೊಂಡು ವರ್ಷವಾಯಿತು. ಈಗ ಗೊತ್ತಾಯಿತು. (ಉಡುಪಿ)

ತಡಮಾಡದೆ ಈ ವಾರವೇ ವಕೀಲರನ್ನು ಕಾಣಿ. ಪಕ್ಷಗಾರ ಸತ್ತರೆ 90 ದಿನದೊಳಗೆ ವಾರಸುದಾರರನ್ನು ದಾಖಲೆಗೆ ತರಬೇಕು. ತಾರದಿದ್ದರೆ ಅವರ ಮಟ್ಟಿಗೆ ದಾವೆ ತಾನಾಗಿಯೇ ಬಿದ್ದುಹೋಗುತ್ತದೆ, ಕೋರ್ಟು ಆದೇಶ ಬರೆಯಬೇಕೆಂದೂ ಇಲ್ಲ. ಅದನ್ನು ರದ್ದು ಮಾಡಿಸಲು ಮತ್ತೆ 60 ದಿನ. ಉದಾಹರಣೆಗೆ 2025ರ ಜನವರಿ 10ರಂದು ಸಾವಾಗಿದ್ದರೆ ಏಪ್ರಿಲ್ 10ಕ್ಕೆ ಮೊದಲ ಗಡುವು, ಜೂನ್ 9ಕ್ಕೆ ಎರಡನೆಯದು. ಎರಡೂ ದಾಟಿದ್ದರೆ ಮೂರು ಅರ್ಜಿ ಒಟ್ಟಿಗೇ ಹಾಕಬೇಕು: ವಾರಸುದಾರರನ್ನು ಸೇರಿಸಲು, ದಾವೆ ಬಿದ್ದದ್ದನ್ನು ರದ್ದುಪಡಿಸಲು, ಕಾಲಮಿತಿ ಕಾಯ್ದೆಯ 5ನೇ ಕಲಂ ಪ್ರಕಾರ ತಡ ಮನ್ನಿಸಲು. ಒಂದನ್ನು ಹಾಕಿ ಉಳಿದೆರಡನ್ನು ಮರೆತು ಆರು ತಿಂಗಳು ಕಳೆದುಕೊಳ್ಳುವುದು ಮಾಮೂಲು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪ್ರತಿ ವಾರಸುದಾರರ ವಯಸ್ಸು-ವಿಳಾಸ ಜೊತೆಗಿರಲಿ. ಮೃತರ ಪರ ವಕೀಲರಿಗೆ ಸಾವಿನ ವಿಷಯ ತಿಳಿದಾಗ ಕೋರ್ಟಿಗೆ ಹೇಳುವ ಹೊಣೆ ಆರ್ಡರ್ 22, ರೂಲ್ 10ಎಯಲ್ಲಿದೆ. ಅವರು ಹೇಳಿರಲಿಲ್ಲ ಎಂಬುದು ನಿಮ್ಮ ತಡಕ್ಕೆ ಗಟ್ಟಿ ಕಾರಣ.

ಮಸ್ಕತ್‌ನಲ್ಲಿ ಕೆಲಸ. ಮಂಗಳೂರಿನ ಮನೆಯ ದಾವೆಗೆ ತಮ್ಮನಿಗೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕೊಟ್ಟಿದ್ದೇನೆ. ಅವನೇ ಸಾಕ್ಷಿ ಹೇಳಿದರೆ ಸಾಕಲ್ಲವೇ?

ಕಾಗದ ಸಲ್ಲಿಸಲು, ಸಹಿ ಹಾಕಲು ಸಾಕು. ನಿಮಗೆ ಮಾತ್ರ ಗೊತ್ತಿರುವ ಸಂಗತಿಗೆ, ಅಂದರೆ ಕರಾರಿನ ದಿನ ಯಾರು ಏನು ಮಾತಾಡಿದರು, ಹಣ ಹೇಗೆ ಕೊಟ್ಟಿರಿ ಎಂಬುದಕ್ಕೆ ತಮ್ಮನ ಸಾಕ್ಷಿ ನಿಲ್ಲುವುದಿಲ್ಲ. 2004ರ ಜಾನಕಿ ಭೋಜ್ವಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಮುಖ್ಯ ವಿಚಾರಣೆ ಹೇಗೂ ಪ್ರಮಾಣಪತ್ರದ ರೂಪದಲ್ಲಿ. ಪಾಟಿ ಸವಾಲಿಗೆ ವಿಡಿಯೊ ಕಾನ್ಫರೆನ್ಸ್ ಕೇಳಿ ಮೊದಲೇ ಐಎ ಹಾಕಿಸಿ. ಹೊರದೇಶದ ಸಾಕ್ಷಿಗೆ ಸಾಮಾನ್ಯವಾಗಿ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿ ಪಕ್ಕದಲ್ಲಿರಬೇಕಾಗುತ್ತದೆ, ಆ ಹೊಂದಾಣಿಕೆಗೇ ವಾರಗಳು ಬೇಕು. ಮೂಲ ದಾಖಲೆ ಮಂಗಳೂರಿನಲ್ಲಿ, ನೀವು ಮಸ್ಕತ್‌ನಲ್ಲಿ ಇದ್ದರೆ ‘ಈ ಸಹಿ ನಿಮ್ಮದೇ?’ ಎಂದಾಗ ತೋರಿಸಲು ಸ್ಕ್ಯಾನ್ ಪ್ರತಿ ಎರಡೂ ಕಡೆ ಇರಬೇಕು. ರಜೆಗೆ ಬರುವುದು ಖಚಿತವಿದ್ದರೆ ಆ ತಾರೀಕುಗಳನ್ನು ಮೆಮೊದಲ್ಲಿ ಕೊಟ್ಟು ಅದೇ ವಾರಕ್ಕೆ ಸಾಕ್ಷ್ಯ ಹಾಕಿಸಿಕೊಳ್ಳುವುದು ಇದಕ್ಕಿಂತ ಸಲೀಸು.

ನನಗೆ 76 ವರ್ಷ. ಬೇಗ ಮುಗಿಸಿ ಎಂದು ಹೈಕೋರ್ಟಿನಿಂದ ಆದೇಶ ತರಬಹುದೇ? (ಮೈಸೂರು)

ಮೊದಲು ಅಲ್ಲೇ, ದಾವೆ ಇರುವ ಕೋರ್ಟಿನಲ್ಲೇ ವಯಸ್ಸಿನ ದಾಖಲೆ, ವೈದ್ಯರ ಚೀಟಿ ಇಟ್ಟು ದೂರದ ವಾಯಿದೆಯನ್ನು ಹತ್ತಿರಕ್ಕೆ ತರಿಸುವ ಅರ್ಜಿ ಹಾಕಿಸಿ. ಇ-ಕೋರ್ಟ್ಸ್‌ನಲ್ಲಿ ಪಕ್ಷಗಾರರ ವಯಸ್ಸು ನಮೂದಾಗಿದೆಯೇ ನೋಡಿ, ಇಲ್ಲದಿದ್ದರೆ ಹಿರಿಯ ನಾಗರಿಕರ ಪಟ್ಟಿಗೆ ನಿಮ್ಮ ಕೇಸು ಸೇರಿರುವುದೇ ಅನುಮಾನ. ಹೈಕೋರ್ಟಿಗೆ ಹೋಗಿ ‘ಆರು ತಿಂಗಳಲ್ಲಿ ಮುಗಿಸಿ’ ಎಂಬ ಆದೇಶ ತರುವ ರೂಢಿ ಇತ್ತು. ಸುಪ್ರೀಂ ಕೋರ್ಟಿನ ಐವರ ಪೀಠ 2024ರ ಫೆಬ್ರುವರಿ 29ರಂದು, ಬೇರೆ ಕೋರ್ಟುಗಳಿಗೆ ಹೀಗೆ ಗಡುವು ಹಾಕುವುದನ್ನು ಅಸಾಧಾರಣ ಸಂದರ್ಭಕ್ಕೆ ಮಾತ್ರ ಇಟ್ಟುಕೊಳ್ಳಿ ಎಂದಿದೆ. ಒಬ್ಬರನ್ನು ಸಾಲಿನ ಮುಂದಕ್ಕೆ ತಂದರೆ, ಅಷ್ಟೇ ಹಳೆಯ ಇನ್ನೊಬ್ಬರ ಕೇಸು ಹಿಂದೆ ಬೀಳುತ್ತದಲ್ಲ. ಎದುರಿನವರು ಮಾತಿಗೆ ಸಿದ್ಧರಿದ್ದರೆ ಲೋಕ ಅದಾಲತ್ ನೋಡಿ. ರಾಜಿಗೆ ಡಿಕ್ರಿಯ ಬಲವಿದೆ, ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಮೇಲ್ಮನವಿಯ ಕಾಟವಿಲ್ಲ.

ವಾಯಿದೆ ತಪ್ಪಿ ನನ್ನ ದಾವೆ ವಜಾ ಆಗಿದೆ. (ಕಲಬುರಗಿ)

ವಜಾ ಆದ ದಿನದಿಂದ 30 ದಿನದೊಳಗೆ ಆರ್ಡರ್ 9, ರೂಲ್ 9ರಡಿ ವಜಾ ರದ್ದುಪಡಿಸಿ ಎಂದು ಅರ್ಜಿ ಹಾಕಬೇಕು. ಅದೇ ಕಾರಣಕ್ಕೆ ಹೊಸ ದಾವೆ ಹಾಕಲು ಬರುವುದಿಲ್ಲ, ಹಾಗಾಗಿ ಈ 30 ದಿನ ಜೀವಾಳ. ಅಂದು ಯಾಕೆ ಬರಲಾಗಲಿಲ್ಲ ಎಂಬುದಕ್ಕೆ ಕಾಗದದ ಆಧಾರ ಇರಲಿ.

ನಮ್ಮದು ಪಾಲಿನ ದಾವೆ. ವಾದ ಮುಗಿದು 4 ತಿಂಗಳಾದರೂ ತೀರ್ಪಿಲ್ಲ. ತೀರ್ಪು ಬಂದ ಮೇಲಾದರೂ ಜಮೀನು ಕೈಗೆ ಬರುತ್ತದೆಯೇ? (ಹಾವೇರಿ)

ವಾದ ಮುಗಿದು 30 ದಿನ, ಅಸಾಧಾರಣ ಕಾರಣವಿದ್ದರೆ 60 ದಿನ, ಇದು ಆರ್ಡರ್ 20ರ ಲೆಕ್ಕ. ನಿಮ್ಮ ಹೆದರಿಕೆ ಇರಬೇಕಾದದ್ದು ಬೇಸಿಗೆಯ ವರ್ಗಾವಣೆಗೆ. ವಾದ ಕೇಳಿದ ನ್ಯಾಯಾಧೀಶರು ಹೋದರೆ ಸಾಕ್ಷ್ಯ ಹಾಗೇ ಉಳಿಯುತ್ತದೆ, ವಾದ ಮಾತ್ರ ಹೊಸಬರ ಮುಂದೆ ಮತ್ತೆ ಮಾಡಬೇಕು. ಲಿಖಿತ ವಾದ ಫೈಲಿನಲ್ಲಿದ್ದರೆ ಆ ಮರುವಾದ ಒಂದೇ ವಾಯಿದೆಯಲ್ಲಿ ಮುಗಿಯಬಹುದು.

ನಿಮ್ಮದು ಪಾಲಿನ ದಾವೆಯಾದ್ದರಿಂದ ಮೊದಲು ಬರುವುದು ಪ್ರಾಥಮಿಕ ಡಿಕ್ರಿ: ಯಾರಿಗೆ ಎಷ್ಟು ಭಾಗ ಎಂಬುದಷ್ಟೇ. ಯಾವ ಬದು, ಯಾವ ಬಾವಿ ಯಾರಿಗೆ ಎನ್ನುವುದು ಅಂತಿಮ ಡಿಕ್ರಿಯಲ್ಲಿ. ಅದಕ್ಕೆ ಎಫ್‌ಡಿಪಿ ಎಂದು ಬೇರೆ ಅರ್ಜಿ ಹಾಕುವ ತನಕ ಫೈಲು ಗೂಡು ಸೇರುತ್ತಿತ್ತು. 2022ರ ಕಟ್ಟುಕಂಡಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬೇರೆ ಅರ್ಜಿಗೆ ಕಾಯದೆ ಕೋರ್ಟು ತಾನೇ ಅಂತಿಮ ಡಿಕ್ರಿಗೆ ವಾಯಿದೆ ಹಾಕಬೇಕು ಎಂದಿದೆ. ತೀರ್ಪು ಓದುವ ದಿನ ಇದನ್ನು ನೆನಪಿಸಿ ಒಂದು ಮೆಮೊ ಕೊಡಲು ನಿಮ್ಮ ವಕೀಲರಿಗೆ ಈಗಲೇ ಹೇಳಿಡಿ. ಕಂದಾಯ ಕಟ್ಟುವ ಜಮೀನಾದರೆ ಹಂಚಿಕೆ ಸಿಪಿಸಿಯ 54ನೇ ಕಲಂ ಪ್ರಕಾರ ಕಂದಾಯ ಅಧಿಕಾರಿಗಳ ಮೂಲಕ ನಡೆಯುತ್ತದೆ. ಸರ್ವೆಯವರು ಬಂದ ದಿನ ಸ್ಥಳದಲ್ಲಿ ನೀವೇ ಇರಿ, ಹಳೆಯ ಸರ್ವೆ ಟಿಪ್ಪಣಿಯ ನಕಲು ಕೈಯಲ್ಲಿರಲಿ. ಆಮೇಲೂ ಸ್ವಾಧೀನ ಬಿಡದಿದ್ದರೆ ಅಮಲ್ಜಾರಿ. ಅದನ್ನು 6 ತಿಂಗಳಲ್ಲಿ ಮುಗಿಸಬೇಕು, ಮೀರಿದರೆ ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ್ದು ಬೆಂಗಳೂರಿನದೇ ಒಂದು ಜಮೀನಿನ ವ್ಯಾಜ್ಯದಲ್ಲಿ.